ಅಶೋಕ ಕೇಳಿದರೆ ಯಾವ ಅಶೋಕ ಕೊಡ್ತಾರೆ? ನರ್ಸರಿಗಳ ಸೀತಾ ಅಶೋಕ ಸಸಿ: ಒಂದು ವಿಮರ್ಶೆ

ನರ್ಸರಿ ಒಳ್ಳೆಯದೋ ಅಲ್ಲವೋ ಎಂದು ತಿಳಿಯಲು ಒಂದೇ ಪ್ರಶ್ನೆ ಸಾಕು. "ಅಣ್ಣಾ, ಅಶೋಕ ಇದ್ಯಾ?" ಎಂದು ಕೇಳಿ. ಗಿಡಗಳಿಗೆ ನೀರು ಬಿಡುತ್ತಿದ್ದವರು ಪೈಪು ಕೆಳಗಿಟ್ಟು "ಉದ್ದಕ್ಕೆ ಹೋಗೋದಾ ಸಾರ್, ಹೂ ಬಿಡೋದಾ?" ಎಂದು ತಿರುಗಿ ಕೇಳಿದರೆ ಆ ಅಂಗಡಿಯಲ್ಲಿ ಧೈರ್ಯವಾಗಿ ದುಡ್ಡು ಬಿಚ್ಚಬಹುದು. ಏನೂ ಕೇಳದೆ "ಬನ್ನಿ, ಎಷ್ಟು ಬೇಕು?" ಎಂದು ಕಾಂಪೌಂಡಿನ ಪಕ್ಕ ಸಾಲಾಗಿ ನಿಲ್ಲಿಸಿದ ನೆಟ್ಟನೆಯ ಗಿಡಗಳ ಕಡೆ ಕರೆದುಕೊಂಡು ಹೋದರೆ, ನೀವು ಕೇಳಿದ ಮರ ಒಂದು, ಸಿಗುವ ಮರ ಇನ್ನೊಂದು.

ಮೊದಲೇ ತೀರ್ಪು ಹೇಳಿಬಿಡೋಣ. ಮರಕ್ಕೆ ಐದಕ್ಕೆ ಐದು. ಅದನ್ನು ನಮ್ಮ ನರ್ಸರಿಗಳು ಮಾರುವ ರೀತಿಗೆ ಐದಕ್ಕೆ ಎರಡು, ಅದೂ ಕೈ ಸಡಿಲ ಮಾಡಿ. ನಮ್ಮ ಘಟ್ಟದ ತೊರೆಗಳ ಪಕ್ಕದಲ್ಲಿ ಹುಟ್ಟಿ ಬೆಳೆಯುವ, ಹೂವಿಗೂ ಎಲೆಗೂ ನೆರಳಿಗೂ ಸಾಟಿಯಿಲ್ಲದ ಮರವೊಂದು ಅಂಗಡಿಯ ಹಿಂಬದಿಯಲ್ಲಿ ಶೇಡ್ ನೆಟ್ಟಿನ ಮೂಲೆಗೆ ಬಿದ್ದಿರುತ್ತದೆ. ಅದರ ಹೆಸರು ಹೊತ್ತ ಬೇರೊಂದು ಮರ ಮುಂಬಾಗಿಲಲ್ಲಿ ನಿಂತು ವ್ಯಾಪಾರ ಮಾಡುತ್ತದೆ.

ಎರಡು ಮರ, ಒಂದು ಹೆಸರು

ಅಪಾರ್ಟ್‌ಮೆಂಟ್ ಗೇಟಿನಿಂದ ಶಾಲೆಯ ಕಾಂಪೌಂಡಿನವರೆಗೆ ಎಲ್ಲೆಡೆ ಕಂಬದಂತೆ ನಿಂತು, ಕೊಂಬೆಗಳನ್ನು ಕೆಳಗೆ ಇಳಿಬಿಟ್ಟು, ಅಂಚು ಅಲೆಅಲೆಯಾದ ಉದ್ದ ಎಲೆಗಳನ್ನು ತೊಟ್ಟ ಮರವನ್ನು ಜನ ಅಶೋಕ ಎನ್ನುತ್ತಾರೆ. ಸಸ್ಯಶಾಸ್ತ್ರದಲ್ಲಿ ಅದು ಪಾಲಿಯಾಲ್ತಿಯಾ ಲಾಂಗಿಫೋಲಿಯಾ. ಈಗ ಅದನ್ನು ಮೊನೂನ್ ಎಂಬ ಕುಲಕ್ಕೆ ಸೇರಿಸಿದ್ದಾರೆ. ಅದರ ಹೂವು ಎಲೆಯ ಬಣ್ಣಕ್ಕೇ ಹೊಂದಿಕೊಳ್ಳುವ ಹಸಿರು ನಕ್ಷತ್ರ, ಹುಡುಕಿದರಷ್ಟೇ ಕಾಣುತ್ತದೆ. ಕೆಟ್ಟ ಮರವೇನಲ್ಲ. ದಕ್ಷಿಣ ಭಾರತ, ಶ್ರೀಲಂಕಾದ್ದೇ ಮರ, ಹಣ್ಣಿಗೆ ಬಾವಲಿಯೂ ಕೋಗಿಲೆಯೂ ಬರುತ್ತವೆ. ಆದರೆ ಅದು ಅಶೋಕ ಅಲ್ಲ.

ನಿಜವಾದ ಅಶೋಕ ಸರಾಕ ಅಸೋಕ. ಹಳಗನ್ನಡದವರು ಅಸುಗೆ ಎಂದದ್ದು ಇದನ್ನೇ. ಮನ್ಮಥನ ಐದು ಬಾಣಗಳಲ್ಲಿ ಒಂದು ಇದರ ಹೂವು. ಚೆಲುವೆಯೊಬ್ಬಳು ಕಾಲಿಂದ ಒದ್ದರೆ ಹೂ ಬಿಡುತ್ತದೆ ಎಂದು ಕವಿಗಳು ಹೇಳಿದ್ದೂ ಇದರ ಬಗ್ಗೆಯೇ. ಇದು ಹುಣಸೆಯ ಹತ್ತಿರದ ನೆಂಟ. ಇನ್ನೊಂದು ಸೀತಾಫಲದ ಕುಟುಂಬದ್ದು. ತಮಾಷೆ ನೋಡಿ, ಸೀತಾಫಲಕ್ಕೆ ನೆಂಟಸ್ತನ ಇರುವುದು ಸೀತಾ ಅಶೋಕಕ್ಕಲ್ಲ, ಅದರ ಹೆಸರು ಕದ್ದದ್ದಕ್ಕೆ. ಗೊಂದಲ ತಪ್ಪಿಸಲೆಂದೇ ನರ್ಸರಿಯವರು ನಿಜವಾದದ್ದಕ್ಕೆ 'ಸೀತಾ ಅಶೋಕ' ಅಥವಾ 'ಕೆಂಪು ಅಶೋಕ' ಎಂಬ ಹೆಸರು ಬಳಸುತ್ತಾರೆ. ಕೇಳುವಾಗ ನೀವೂ ಹಾಗೇ ಕೇಳಿ.

ಕೆಲವು ಲೇಬಲ್ಲುಗಳಲ್ಲಿ 'ಸರಾಕ ಇಂಡಿಕಾ' ಎಂದಿರುತ್ತದೆ. ಇದು ಮೋಸವಲ್ಲ, ಹಳೆಯ ತಪ್ಪು. ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನೇಯಸ್ 1767ರಲ್ಲಿ ಆ ಹೆಸರಿಟ್ಟದ್ದು ಜಾವಾ ಕಡೆಯ ಗಿಡಕ್ಕೆ. ಬಹುಕಾಲ ನಮ್ಮ ಮರಕ್ಕೂ ಅದನ್ನೇ ಅಂಟಿಸಿದ್ದರು. ನಮ್ಮ ಮರವನ್ನು ಸಸ್ಯಶಾಸ್ತ್ರಜ್ಞ ರಾಕ್ಸ್‌ಬರ್ಗ್ ವಿವರಿಸಿದ್ದು 'ಜೋನೇಸಿಯಾ ಅಸೋಕ' ಎಂದು, ಸಂಸ್ಕೃತ ವಿದ್ವಾಂಸ ವಿಲಿಯಂ ಜೋನ್ಸ್ ನೆನಪಿಗೆ. ಹಳೆಯ ಪುಸ್ತಕ ನೋಡಿ ಲೇಬಲ್ ಬರೆದ ಅಂಗಡಿಯನ್ನು ಕ್ಷಮಿಸಬಹುದು. ಲೇಬಲ್ಲೇ ಇಲ್ಲದ ಅಂಗಡಿಯನ್ನು ಕ್ಷಮಿಸುವುದು ಕಷ್ಟ, ಹೆಚ್ಚಿನ ಕಡೆ ಇರುವುದು ಅದೇ.

ಲೇಬಲ್ ಬಿಡಿ, ಎಲೆ ನೋಡಿ

ಒಂದಡಿಯ ಸಸಿಯಲ್ಲೂ ತಪ್ಪದ ಗುರುತು ಎಲೆ. ಕಂಬದ ಅಶೋಕದ್ದು ಒಂಟಿ ಎಲೆ: ಒಂದು ತೊಟ್ಟು, ಒಂದು ಎಲೆ, ಅಂಚು ಅಲೆಅಲೆ. ಸೀತಾ ಅಶೋಕದ್ದು ಸಂಯುಕ್ತ ಎಲೆ: ನಡುದಂಟಿನ ಎರಡೂ ಕಡೆ ಜೋಡಿಜೋಡಿಯಾಗಿ ಕಿರುಎಲೆಗಳು. ಬೆಳೆದ ಮರದಲ್ಲಿ ನಾಲ್ಕರಿಂದ ಆರು ಜೋಡಿ, ಎಳೆ ಸಸಿಯಲ್ಲಿ ಕಡಿಮೆ. ದಂಟಿನ ತುದಿಯಲ್ಲಿ ಒಂಟಿ ಕಿರುಎಲೆ ಇರುವುದಿಲ್ಲ, ಜೋಡಿಯಲ್ಲೇ ಮುಗಿಯುತ್ತದೆ. ಅಂಚು ನಯ, ಮೇಲ್ಮೈ ಹೊಳಪು.

ಚಿಗುರು ಬಂದಿದ್ದರೆ ಅನುಮಾನವೇ ಬೇಡ. ಸೀತಾ ಅಶೋಕದ ಹೊಸ ಎಲೆಗಳು ಗೊಂಚಲಾಗಿ, ತೊಯ್ದ ಕರವಸ್ತ್ರವನ್ನು ತುದಿ ಹಿಡಿದು ನೇತುಹಾಕಿದ ಹಾಗೆ ಕೆಳಗೆ ಜೋತುಬಿದ್ದಿರುತ್ತವೆ. ಬಣ್ಣ ತಾಮ್ರ ಬೆರೆತ ಗುಲಾಬಿ. ಮುಟ್ಟಿದರೆ ಜೀವವಿಲ್ಲದಷ್ಟು ಮೆತ್ತಗೆ. ಕೆಲವು ದಿನಗಳಲ್ಲಿ ಬಣ್ಣ ತಿಳಿಹಸಿರಿಗೆ ತಿರುಗುತ್ತದೆ, ದಂಟು ಬಿಗಿಯಾಗಿ ಎಲೆ ಮೇಲೇಳುತ್ತದೆ. ಹೂವಿಲ್ಲದ ವರ್ಷಗಳಲ್ಲೂ ಈ ಮರ ಅಲಂಕಾರಕ್ಕೆ ಸಲ್ಲುವುದು ಈ ಚಿಗುರಿನಿಂದ.

ಇಲ್ಲೇ ಅಂಗಡಿಯವರ ಮೊದಲ ತಪ್ಪು. ಇದನ್ನು ಕೊಳ್ಳುವವರಿಗೆ ಹೇಳುವುದೇ ಇಲ್ಲ. ಮನೆಗೆ ತಂದ ಸಸಿ ಎರಡನೇ ತಿಂಗಳಲ್ಲಿ ಚಿಗುರುತ್ತದೆ, ಎಲೆ ಜೋತುಬಿದ್ದದ್ದು ಕಂಡು ನೀರು ಸಾಲಲಿಲ್ಲ ಎಂದುಕೊಂಡು ದಿನಕ್ಕೆರಡು ಹೊತ್ತು ಕೊಡ ಕೊಡ ಸುರಿಯುತ್ತಾರೆ. ಬುಡ ಕೊಳೆಯುತ್ತದೆ. ಆಗ ನಿಜವಾಗಿಯೂ ಬಾಡುತ್ತದೆ, ಮತ್ತಷ್ಟು ನೀರು ಬೀಳುತ್ತದೆ. ವ್ಯತ್ಯಾಸ ತಿಳಿಯುವುದು ಸುಲಭ: ಹೊಸ ಎಲೆ ಜೋತುಬಿದ್ದು ಹಳೆಯ ಎಲೆ ಗಟ್ಟಿಯಾಗಿದ್ದರೆ ಗಿಡ ಚೆನ್ನಾಗಿದೆ. ಹಳೆಯ ಎಲೆಯೂ ಸೋತಿದ್ದರೆ ಮಾತ್ರ ಮಣ್ಣಿಗೆ ಎರಡು ಇಂಚು ಬೆರಳು ಹಾಕಿ ನೋಡಿ.

ಇನ್ನೊಂದು ಎಚ್ಚರಿಕೆ. ಚಿಗುರು ಜೋತುಬೀಳುವ ಮರ ಇದೊಂದೇ ಅಲ್ಲ. ಅಮೆರಿಕ ಖಂಡದ ಉಷ್ಣವಲಯದ ಬ್ರೌನಿಯಾದ ಚಿಗುರೂ ಹೀಗೇ ಜೋಲುತ್ತದೆ, ಆದರೆ ಅದರ ಮೇಲೆ ಚುಕ್ಕೆ ಚುಕ್ಕೆ ಮಚ್ಚೆ ಇರುತ್ತದೆ. ನಮ್ಮ ಘಟ್ಟದ್ದೇ ಆದ ಹಾಸಿಗೆ ಮರದ ಚಿಗುರೂ ಜೋಲುತ್ತದೆ. ಅದರ ಎಳೆ ಕಾಂಡದಲ್ಲಿ ಉಬ್ಬಿದ ಪೊಳ್ಳು ಗಂಟುಗಳಿದ್ದು ಒಳಗೆ ಇರುವೆ ಸಂಸಾರ ಹೂಡಿರುತ್ತದೆ. ಅದು ಸಿಕ್ಕರೆ ಅದೃಷ್ಟ ಎಂದುಕೊಂಡು ಕೊಂಡುಬಿಡಿ. 'ಹಳದಿ ಅಶೋಕ' ಎಂದು ಮಾರುವುದು ಸರಾಕ ತೈಪಿಂಜೆನ್ಸಿಸ್, ಮಲಯ ಕಡೆಯದು. ಎಲೆ ಎದ್ದು ಕಾಣುವಷ್ಟು ದೊಡ್ಡದು, ಹೂಗೊಂಚಲು ಹಳದಿ. ಮರ ಚೆಲುವಾದದ್ದೇ. ಆದರೆ 'ನಮ್ಮ ನಾಡಿನ ಮರ' ಎಂಬ ಬೋರ್ಡಿನಡಿ ಅದನ್ನಿಟ್ಟು ಮಾರುವುದು ಸರಿಯಲ್ಲ.

ಎಲ್ಲಿ ಸಿಗುತ್ತದೆ, ಹೇಗಿರುತ್ತದೆ

ಬೆಂಗಳೂರಿನಲ್ಲಿ ಲಾಲ್‌ಬಾಗಿನ ಪಕ್ಕದ ಸಿದ್ದಾಪುರದ ಓಣಿಗಳಲ್ಲಿ ಒಂದರ ಪಕ್ಕ ಒಂದು ನರ್ಸರಿಗಳಿವೆ. ಊರಿನ ಹೊರಗೆ ಹೆದ್ದಾರಿಗಳ ಬದಿಯಲ್ಲಿ ದೊಡ್ಡ ಗಾರ್ಡನ್ ಸೆಂಟರುಗಳು. ಎರಡು ಕಡೆಯ ಸರಕಿನಲ್ಲೂ ದೊಡ್ಡ ಪಾಲು ಲಾರಿಯಲ್ಲಿ ಬರುವುದು ಆಂಧ್ರದ ಗೋದಾವರಿ ತೀರದ ಕಡಿಯಂನಿಂದ. ಇದನ್ನು ತಿಳಿದಿರಬೇಕಾದ್ದು ಊರಿನ ಅಭಿಮಾನಕ್ಕಲ್ಲ, ಮಣ್ಣಿನ ಕಾರಣಕ್ಕೆ. ಅಲ್ಲಿಂದ ಬರುವ ಗಿಡದ ಬೇರಿನ ಉಂಡೆ ಅಂಟು ಜೇಡಿಮಣ್ಣಿನದು. ಲಾರಿ ಪ್ರಯಾಣಕ್ಕೆ ಅದು ಒಳ್ಳೆಯದು, ಉಂಡೆ ಒಡೆಯುವುದಿಲ್ಲ. ನಮ್ಮ ಸಡಿಲ ಕೆಮ್ಮಣ್ಣಿನ ಗುಂಡಿಗೆ ಇಳಿಸಿದಾಗ ತೊಂದರೆ ಶುರು. ಹಾಕಿದ ನೀರು ಸಡಿಲ ಮಣ್ಣಿನಲ್ಲಿ ಉಂಡೆಯ ಸುತ್ತ ಇಳಿದುಹೋಗುತ್ತದೆ, ಉಂಡೆಯ ಒಳಗೆ ಬೇರು ಒಣಗಿಯೇ ಇರುತ್ತದೆ. ಒಮ್ಮೆ ಒಣಗಿದ ಜೇಡಿ ಇಟ್ಟಿಗೆಯಂತಾಗಿ ಮತ್ತೆ ನೀರು ಕುಡಿಯುವುದಿಲ್ಲ. "ದಿನಾ ನೀರು ಹಾಕಿದ್ರೂ ಒಣಗಿಹೋಯ್ತು" ಎಂಬ ದೂರಿನ ಹಿಂದೆ ಬಹಳ ಸಲ ಇರುವುದು ಇದೇ.

ಅರಣ್ಯ ಇಲಾಖೆಯ ನರ್ಸರಿಗಳಲ್ಲಿ ಸೀತಾ ಅಶೋಕ ಸಿಕ್ಕರೆ ಅದನ್ನೇ ಮೊದಲು ನೋಡಬೇಕು. ಮಲೆನಾಡಿನ ನರ್ಸರಿಗಳಲ್ಲಿ ಸಿಗುವ ಸಾಧ್ಯತೆ ಹೆಚ್ಚು. ಅಲ್ಲಿ ಚೀಲದ ಅಳತೆಯ ಮೇಲೆ ದರ: 5×8, 6×9, 8×12, 14×20 ಇಂಚು. ಖಾಸಗಿ ಅಂಗಡಿಯ ದರದ ಮುಂದೆ ಇದು ಏನೂ ಅಲ್ಲ. ಲೇಬಲ್ ಇರುವುದಿಲ್ಲ, ಆದರೆ ಮಾರುವ ವಾಚರ್‌ಗೆ ಮರ ಗೊತ್ತಿರುತ್ತದೆ. ಕುಂದು ಎಂದರೆ ಸಮಯ. ವಿತರಣೆ ಮಳೆಗಾಲದ ಆರಂಭದಲ್ಲಿ, ಒಳ್ಳೆಯವು ಮೊದಲ ವಾರಗಳಲ್ಲೇ ಖಾಲಿ. ಉಳಿದ ಸಸಿಗಳು ಅದೇ ಸಣ್ಣ ಚೀಲದಲ್ಲಿ ಇನ್ನೊಂದು ವರ್ಷ ಕೂರುತ್ತವೆ, ಬೇರು ಸುರುಳಿ ಸುತ್ತಿಕೊಳ್ಳುತ್ತದೆ.

ಆನ್‌ಲೈನ್ ಬಗ್ಗೆ ಸಸಿ ಮತ್ತು ಬೀಜ ಎರಡನ್ನೂ ಬೇರೆಬೇರೆ ಹೇಳಬೇಕು. ಸಸಿ ಪರವಾಗಿಲ್ಲ, ಚಿತ್ರದಲ್ಲಿ ಸಂಯುಕ್ತ ಎಲೆ ಇದೆಯೇ ನೋಡಿ, ಬಂದ ದಿನವೇ ಪೆಟ್ಟಿಗೆ ಬಿಚ್ಚಿ ನೆರಳಲ್ಲಿಡಿ. ಬೀಜದ ಪೊಟ್ಟಣವನ್ನು ಮಾತ್ರ ಮುಟ್ಟಲೇಬೇಡಿ. ಅಶೋಕದ ಬೀಜ ರಾಗಿ, ಹುರುಳಿಯ ಹಾಗೆ ಡಬ್ಬದಲ್ಲಿ ವರ್ಷಗಟ್ಟಲೆ ಕಾಯುವಂಥದ್ದಲ್ಲ. ಹಲಸಿನ ಬೀಜದ ಜಾತಿಯದು, ಒಣಗಿದರೆ ಸತ್ತಿತು. ಕಾಯಿ ಬಲಿತು ಸಿಡಿಯುವುದು ಮಳೆಗಾಲದಲ್ಲಿ. ಬಿದ್ದ ಬೀಜವನ್ನು ಕೆಲವೇ ದಿನಗಳಲ್ಲಿ ಹಸಿ ಮರಳಿಗೆ ಹಾಕಿದರೆ ಎರಡು ಮೂರು ವಾರಗಳಲ್ಲಿ ಮೊಳಕೆ. ಪೊಟ್ಟಣದಲ್ಲಿ ಗಲಗಲ ಎನ್ನುವ ಹತ್ತು ಬೀಜಕ್ಕೆ ದುಡ್ಡು ಕೊಟ್ಟವರು ಮರಳಿಗೆ ನೀರು ಹಾಕುತ್ತಾ ಕೂರಬೇಕು, ಅಷ್ಟೇ.

ಈ ಬೀಜದ ಗುಣವೇ ಸಸಿಯ ಬೆಲೆಗೂ ಕಾರಣ. ನರ್ಸರಿಯವರಿಗೆ ಬಿತ್ತನೆಗೆ ಸಿಗುವುದು ವರ್ಷಕ್ಕೆ ಕೆಲವೇ ವಾರ. ಹುಟ್ಟಿದ ಸಸಿ ನಿಧಾನ, ಮುಂದಿನ ಮಳೆಗಾಲಕ್ಕೆ ಒಂದಡಿ ಆದರೆ ಹೆಚ್ಚು. ಕಂಬದ ಅಶೋಕವಾದರೆ ಸರಸರ ಏರುತ್ತದೆ, ಒತ್ತಾಗಿ ನಿಲ್ಲಿಸಿದರೂ ಜಾಗ ತಿನ್ನುವುದಿಲ್ಲ. ವ್ಯಾಪಾರಿಯ ಲೆಕ್ಕ ತಪ್ಪೇನಲ್ಲ. ಹಾಗೆಂದು ಒಂದೂವರೆ ಅಡಿಯ ಬೀಜದ ಸಸಿಗೆ 'ಅಪರೂಪದ ಗಿಡ' ಎಂದು ಸಾವಿರ ಕೇಳಿದರೆ ಕೊಡುವ ಅಗತ್ಯವಿಲ್ಲ. ನಮ್ಮ ಮಟ್ಟಿಗೆ ಆ ಅಳತೆಗೆ ಇನ್ನೂರು ರೂಪಾಯಿ ಗೌರವದ ಬೆಲೆ. ನಾಲ್ಕಡಿ ಎತ್ತರ, 14×20 ಚೀಲ, ಬುಡ ಹೆಬ್ಬೆರಳಿನ ದಪ್ಪ ಇದ್ದರೆ ಅದರ ಮೂರ್ನಾಲ್ಕು ಪಟ್ಟು ಕೊಡಬಹುದು. ಮೂರು ವರ್ಷ ಸಾಕಿದ ಕೂಲಿ ಅದರಲ್ಲಿದೆ.

"ಎಷ್ಟು ವರ್ಷಕ್ಕೆ ಹೂ?" ಎಂದರೆ ಅಂಗಡಿಯಲ್ಲಿ ಸಿಗುವ ಉತ್ತರ "ಎರಡೇ ವರ್ಷ". ಬೀಜದ ಸಸಿಗೆ ಆರೇಳು ವರ್ಷ ಕಾಯಬೇಕು, ಜಾಗ ಹಿಡಿಸದಿದ್ದರೆ ಇನ್ನೂ ಹೆಚ್ಚು. ಎರಡು ಮೂರು ವರ್ಷದ ಮಾತು ನಿಜವಾಗುವುದು ಗೂಟಿ ಕಟ್ಟಿದ (ಮರದ ಕೊಂಬೆಯಲ್ಲೇ ಬೇರು ಬರಿಸಿ ಕತ್ತರಿಸಿ ತೆಗೆದ) ಅಥವಾ ಕಸಿ ಗಿಡದಲ್ಲಿ. ಕಸಿಯಾದರೆ ಬುಡದಿಂದ ಒಂದು ಗೇಣಿನೊಳಗೆ ಸೇರಿದ ಗಂಟು ಕಾಣಬೇಕು, ಗಂಟಿನ ಕೆಳಗೆ ಚಿಗುರು ಬಂದಿರಬಾರದು. ಗೂಟಿಯ ಗಿಡಕ್ಕೆ ತಾಯಿಬೇರು ಇರುವುದಿಲ್ಲ, ಗಾಳಿಯ ಜಾಗದಲ್ಲಿ ಮೊದಲ ಮೂರು ವರ್ಷ ಊರುಗೋಲು ಬೇಕು. ಮನೆ ಮುಂದೆ ನೂರು ವರ್ಷ ನಿಲ್ಲಲಿ ಎನ್ನುವವರಿಗೆ ಬೀಜದ ಸಸಿಯೇ ಸರಿ.

ಚೀಲ ಎತ್ತಿ ನೋಡಿ

ಸಸಿ ಆರಿಸುವಾಗ ಎತ್ತರಕ್ಕೆ ಮರುಳಾಗಬೇಡಿ. ಚೀಲವನ್ನು ಎತ್ತಿ. ಸಲೀಸಾಗಿ ಎದ್ದು ಬಂದರೆ ಸರಿ. 'ಚಟ್' ಎಂದು ಹರಿದ ಸದ್ದಾದರೆ ತಾಯಿಬೇರು ಚೀಲದ ತೂತಿನಿಂದ ನೆಲಕ್ಕಿಳಿದಿತ್ತು, ಈಗ ಅದು ನೆಲದಲ್ಲೇ ಉಳಿಯಿತು ಎಂದರ್ಥ. ಅಂಗಡಿಯವರು ಎತ್ತಿಕೊಡಲು ಬಿಡದೆ ನೀವೇ ಎತ್ತುವುದು ಇದಕ್ಕೇ. ಆಮೇಲೆ ಚೀಲದ ತಳ ಒತ್ತಿ ನೋಡಿ. ಹಗ್ಗದ ಸಿಂಬಿಯಂತೆ ಗಟ್ಟಿಯಾಗಿ ಸಿಕ್ಕರೆ ಬೇರು ಸುತ್ತಿಕೊಂಡಿದೆ. ಅಂಥ ಸಸಿ ನಾಲ್ಕೈದು ವರ್ಷ ಚೆನ್ನಾಗಿಯೇ ಇದ್ದು, ಬೇರು ದಪ್ಪವಾದಂತೆ ತನ್ನ ಕುತ್ತಿಗೆಯನ್ನು ತಾನೇ ಬಿಗಿದುಕೊಳ್ಳುತ್ತದೆ. ಕಾಂಡದ ಬುಡ ಮಣ್ಣಿನ ಮಟ್ಟದಲ್ಲಿ ಕಾಣುತ್ತಿರಬೇಕು. ದೊಡ್ಡ ಚೀಲಕ್ಕೆ ಬದಲಾಯಿಸುವಾಗ ಮೂರ್ನಾಲ್ಕು ಇಂಚು ಆಳಕ್ಕೆ ಹೂತಿರುವುದು ಉಂಟು, ಅಲ್ಲಿ ತೊಗಟೆ ಕೊಳೆಯುತ್ತದೆ.

ಎಲೆಯ ತುದಿ ಕಂದಾಗಿ ಸುಟ್ಟಿದ್ದರೆ ಕಾರಣ ಎರಡರಲ್ಲಿ ಒಂದು: ಬೋರ್‌ವೆಲ್ಲಿನ ಉಪ್ಪು ನೀರು, ಇಲ್ಲವೇ ಶೇಡ್ ನೆಟ್ಟಿನಿಂದ ತೆಗೆದು ಬಿಸಿಲಿಗಿಟ್ಟದ್ದು. ಎರಡನೆಯದು ಹೊಸ ಚಿಗುರಿನಲ್ಲಿ ಸರಿಹೋಗುತ್ತದೆ. ಮೊದಲನೆಯದು ನಿಮ್ಮ ಮನೆಯ ನೀರಿನಲ್ಲೂ ಮುಂದುವರಿಯುವುದಾದರೆ ಮಳೆನೀರಿನ ಡ್ರಮ್ ಇಟ್ಟುಕೊಂಡೇ ಈ ಮರದ ಆಸೆ ಪಡಬೇಕು.

ಕೆಳಗಿನ ಕೊಂಬೆಗಳನ್ನೆಲ್ಲ ಸವರಿ, ತುದಿಯಲ್ಲಿ ಮಾತ್ರ ಎಲೆ ಬಿಟ್ಟು ಛತ್ರಿಯ ಹಾಗೆ ಮಾಡಿದ ಗಿಡವನ್ನು ಹೆಚ್ಚು ಬೆಲೆಗೆ ಮಾರುತ್ತಾರೆ. ಬೇಡ. ಈ ಮರ ಹೂ ಬಿಡುವುದು ಹೊಸ ಚಿಗುರಿನ ತುದಿಯಲ್ಲಲ್ಲ. ಹಳೆಯ ಕೊಂಬೆಯ ಮೈಯಲ್ಲಿ, ಕೆಲವೊಮ್ಮೆ ಕಾಂಡದ ಮೇಲೇ ಗೊಂಚಲು ಒಡೆಯುತ್ತದೆ. ಕೆಳಗಿನ ಕೊಂಬೆ ಕತ್ತರಿಸಿದರೆ ಕಣ್ಣಿನ ಮಟ್ಟದಲ್ಲಿ ಕಾಣಬೇಕಿದ್ದ ಹೂವನ್ನೇ ಕತ್ತರಿಸಿದಂತೆ. ಮನೆಯಲ್ಲಿ ಬೆಳೆಸುವವರೂ ಇದನ್ನು ನೆನಪಿಡಿ. ಸತ್ತ ಕೊಂಬೆ ಬಿಟ್ಟು ಬೇರೇನಕ್ಕೂ ಕತ್ತರಿ ಬೇಡ.

ನೆಡುವುದು

ಕಾಡಿನಲ್ಲಿ ಇದು ತೊರೆಯ ತಂಪಿನಲ್ಲಿ, ದೊಡ್ಡ ಮರಗಳ ಅರೆನೆರಳಲ್ಲಿ ಇರುವ ಮರ. ಬೆಳೆದರೆ ಇಪ್ಪತ್ತರಿಂದ ಮೂವತ್ತಡಿ ಎತ್ತರ, ಹದಿನೈದರಿಂದ ಇಪ್ಪತ್ತಡಿ ಹರವು. ಮನೆಯ ಪೂರ್ವ ಅಥವಾ ಉತ್ತರ ದಿಕ್ಕು, ಬೆಳಗಿನ ಬಿಸಿಲು ಬಿದ್ದು ಮಧ್ಯಾಹ್ನದ್ದು ತಪ್ಪುವ ಜಾಗ, ಗೋಡೆಯಿಂದ ಹತ್ತಡಿಯಾದರೂ ದೂರ. ಪಶ್ಚಿಮದ ಕಾಂಪೌಂಡಿಗೆ ಒತ್ತಿ, ಸಿಮೆಂಟ್ ಹಾಸಿನ ನಡುವೆ ನೆಟ್ಟರೆ ಗೋಡೆಯ ಕಾವಿಗೇ ಎಲೆ ಸುಡುತ್ತದೆ. 30×40ರ ಸೈಟಿನಲ್ಲಿ ಮೂರಡಿ ಸೆಟ್‌ಬ್ಯಾಕ್ ಬಿಟ್ಟು ಮನೆ ಕಟ್ಟಿದವರಿಗೆ ಈ ಮರಕ್ಕೆ ಜಾಗ ಇಲ್ಲ, ಯಾವ ನರ್ಸರಿಯವರೂ ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಮುಂದೆ ಬೇಡವೆನಿಸಿ ಕಡಿಯಲು ಹೊರಟರೆ 1976ರ ವೃಕ್ಷ ಸಂರಕ್ಷಣಾ ಕಾಯಿದೆಯಡಿ ಅನುಮತಿಗೆ ಅಲೆಯಬೇಕಾಗುತ್ತದೆ. ಕುಂಡದಲ್ಲಿ? ಇನ್ನೂರು ಲೀಟರಿನ ಅರ್ಧ ಡ್ರಮ್ಮಿನಲ್ಲಿ ಬದುಕುತ್ತದೆ, ಚಿಗುರಿನ ಚೆಂದ ಕೊಡುತ್ತದೆ. ಹೂವಿನ ಆಸೆ ಇಟ್ಟುಕೊಳ್ಳಬೇಡಿ.

ಗುಂಡಿ ಎರಡಡಿ ಉದ್ದ, ಎರಡಡಿ ಅಗಲ, ಎರಡಡಿ ಆಳ. ಹದಿನೈದು ದಿನ ಮೊದಲೇ ತೋಡಿಸಿ. ಮೇಲ್ಮಣ್ಣು ಎರಡು ಪಾಲು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಒಂದು ಪಾಲು, ಮಣ್ಣು ಜಿಗುಟಾಗಿದ್ದರೆ ಅರ್ಧ ಪಾಲು ದಪ್ಪ ಮರಳು, ಜೊತೆಗೆ ಎರಡು ಹಿಡಿ ಬೇವಿನ ಹಿಂಡಿ. ಹಸಿ ಸಗಣಿ ಬೇಡ, ಬೇರು ಸುಡುತ್ತದೆ, ಗೆದ್ದಲಿಗೂ ಕರೆ ಕೊಟ್ಟಂತೆ. ರಾಸಾಯನಿಕ ಗೊಬ್ಬರವೂ ಮೊದಲ ವರ್ಷ ಬೇಡ.

ಜೇಡಿಮಣ್ಣಿನ ಉಂಡೆಯಾದರೆ ಒಂದು ಹೆಜ್ಜೆ ಹೆಚ್ಚು. ಚೀಲಸಮೇತ ಬಕೆಟ್ ನೀರಿನಲ್ಲಿ ಗುಳ್ಳೆ ನಿಲ್ಲುವವರೆಗೆ, ಸುಮಾರು ಅರ್ಧ ಗಂಟೆ, ಮುಳುಗಿಸಿಡಿ. ಚೀಲವನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿ ತೆಗೆಯಿರಿ, ಎಳೆಯಬೇಡಿ. ಮೆತ್ತಗಾದ ಜೇಡಿಯ ಹೊರಪದರವನ್ನು ಒಂದಿಂಚು ಬೆರಳಲ್ಲೇ ಸವರಿ ತೆಗೆದು, ಬೇರಿನ ತುದಿಗಳು ಹೊರಗೆ ಕಾಣುವಂತೆ ಮಾಡಿ. ಬೇರನ್ನೆಲ್ಲ ತೊಳೆದು ಬೆತ್ತಲೆ ಮಾಡುವ ಉತ್ಸಾಹ ಬೇಡ, ಈ ಮರ ಅದನ್ನು ತಡೆಯುವುದಿಲ್ಲ. ತಳದಲ್ಲಿ ಸುತ್ತಿಕೊಂಡ ಬೇರಿದ್ದರೆ ಹರಿತವಾದ ಕತ್ತರಿಯಲ್ಲಿ ಕತ್ತರಿಸಿ. ಚೀಲದಲ್ಲಿದ್ದ ಮಣ್ಣಿನ ಮಟ್ಟವೇ ಗುಂಡಿಯಲ್ಲೂ ಮಟ್ಟ. ಮೊದಲ ಮೂರು ತಿಂಗಳು ನೀರು ಬೀಳಬೇಕಾದ್ದು ಪಾತಿಯ ಅಂಚಿಗಲ್ಲ, ಬುಡದ ಹತ್ತಿರ, ಉಂಡೆಯ ಮೇಲೇ. ಆಮೇಲೆ ಪಾತಿಯನ್ನು ಹೊರಕ್ಕೆ ಸರಿಸುತ್ತಾ ಹೋಗಿ.

ಒಣಎಲೆ, ತೆಂಗಿನ ಗರಿ, ಏನಾದರೂ ಸರಿ, ನಾಲ್ಕು ಇಂಚು ದಪ್ಪ ಹೊದಿಕೆ, ಕಾಂಡಕ್ಕೆ ತಾಗದಂತೆ ಒಂದು ಮುಷ್ಟಿ ಬಿಟ್ಟು. ಮೊದಲ ಎರಡು ಬೇಸಿಗೆ ವಾರಕ್ಕೆರಡು ಸಲ ಹತ್ತು ಲೀಟರು. ಮೊದಲ ಬೇಸಿಗೆಗೆ ಪಶ್ಚಿಮದ ಕಡೆ ತೆಂಗಿನ ಗರಿಯ ತಡಿಕೆ ಕಟ್ಟಿದರೆ ಅರ್ಧ ಕೆಲಸ ಮುಗಿಯಿತು. ವರ್ಷಕ್ಕೆರಡು ಸಲ, ಮಳೆಯ ಮೊದಲು ಮತ್ತು ಮಳೆಯ ನಂತರ, ಐದು ಕೆ.ಜಿ. ಕಾಂಪೋಸ್ಟ್. ಚಿಗುರಿಗೆ ಹುಳು ಬೀಳುತ್ತದೆ, ಬಿಳಿ ಹಿಟ್ಟುತಿಗಣೆಯೂ ಬರುತ್ತದೆ. ಕೈಯಲ್ಲಿ ಆರಿಸಿ, ಇಲ್ಲವೇ ಲೀಟರಿಗೆ ಐದು ಮಿ.ಲೀ. ಬೇವಿನೆಣ್ಣೆಗೆ ಒಂದಿಷ್ಟು ಸೋಪು ಕದಡಿ ಸಂಜೆ ಹೊತ್ತು ಸಿಂಪಡಿಸಿ. ಮಧ್ಯಾಹ್ನ ಸಿಂಪಡಿಸಿದರೆ ಚಿಗುರೇ ಸುಟ್ಟುಹೋಗುತ್ತದೆ.

ಮಾರುವವರಿಗೆ ನಾಲ್ಕು ಮಾತು

ಈ ಮರ ಮಾರಾಟವಾಗುವುದಿಲ್ಲ ಎನ್ನುವ ನರ್ಸರಿಯವರ ದೂರಿನಲ್ಲಿ ಅರ್ಧ ಸತ್ಯ ಇದೆ. ಗಾರ್ಡನ್ ಸೆಂಟರಿಗೆ ಬರುವವರು ಕಣ್ಣೆದುರು ಹೂ ಕಂಡದ್ದನ್ನು ಎತ್ತಿಕೊಳ್ಳುತ್ತಾರೆ. ಬೋಗನ್‌ವಿಲ್ಲಾ, ದಾಸವಾಳ ಕುಂಡದಲ್ಲೇ ಹೂ ತೋರಿಸುತ್ತವೆ. ಅಶೋಕದ ಸಸಿ ಮೂರು ವರ್ಷ ಬರೀ ಎಲೆ. ಅದಕ್ಕೆ ಪೈಪೋಟಿಯೂ ಹಳೆಯದು. ಲಾಲ್‌ಬಾಗಿನ ಉಸ್ತುವಾರಿ ನೋಡಿಕೊಂಡಿದ್ದ ಜರ್ಮನ್ ತೋಟಗಾರಿಕೆ ತಜ್ಞ ಕ್ರುಂಬಿಗಲ್ ಕಾಲದಿಂದ ಬೆಂಗಳೂರಿನ ಬೀದಿಗಳಲ್ಲಿ ಒಂದಾದ ಮೇಲೊಂದು ಹೂ ಬಿಡುವ ಮರಗಳ ಸರಣಿ ಬಂತು. ಜಕರಂಡಾ, ಗುಲ್‌ಮೊಹರ್, ಈಚಿನ ಟಬೂಬಿಯಾ, ಹೆಚ್ಚಿನವು ಹೊರದೇಶದವು, ಬೇಗ ಬೆಳೆಯುವವು, ದೂರಕ್ಕೆ ಕಾಣುವವು. ಫೆಬ್ರುವರಿ ಬಂದರೆ ಗುಲಾಬಿ ಟಬೂಬಿಯಾದ ಫೋಟೊ ತೆಗೆದುಕೊಂಡು ನರ್ಸರಿಗೆ ಬರುವವರೇ ಹೆಚ್ಚು. ಅಶೋಕದ ಹೂವೂ ಅದೇ ಕಾಲಕ್ಕೆ, ಫೆಬ್ರುವರಿಯಿಂದ ಮೇವರೆಗೆ. ಆದರೆ ಅದು ಎಲೆಯ ಮರೆಯಲ್ಲಿ, ಹತ್ತಿರ ಹೋದವರಿಗೆ.

ಹತ್ತಿರ ಹೋದರೆ ಕಾಣುವುದು ಏನು? ಮುಷ್ಟಿಯಷ್ಟು ದೊಡ್ಡ ಗೊಂಚಲು. ಅಂದು ಅರಳಿದ್ದು ಹಳದಿ, ಮೊನ್ನೆಯದು ಕಿತ್ತಳೆ, ಅದಕ್ಕೂ ಹಳೆಯದು ಕುಂಕುಮ, ಮೂರೂ ಒಂದೇ ಗೊಂಚಲಲ್ಲಿ. ದಳ ಎಂದು ನಾವು ಅಂದುಕೊಳ್ಳುವುದು ದಳವಲ್ಲ, ಪುಷ್ಪಪಾತ್ರೆಯ ನಾಲ್ಕು ಹಾಳೆ. ನಡುವಿಂದ ಏಳೆಂಟು ಉದ್ದ ಕೇಸರಗಳು ಬೆಕ್ಕಿನ ಮೀಸೆಯಂತೆ ಹೊರಚಾಚಿರುತ್ತವೆ. ಸಂಜೆಗೆ ನವಿರಾದ ಪರಿಮಳ. ಸೂರಕ್ಕಿಗಳು ಬಂದೇ ಬರುತ್ತವೆ.

ಇದನ್ನು ಮಾರಲು ಜಾಹೀರಾತು ಬೇಡ, ಒಂದು ತಾಯಿಮರ ಸಾಕು. ನರ್ಸರಿಯ ಬಾಗಿಲ ಬಳಿ ನೆಲದಲ್ಲಿ ಒಂದು ಅಶೋಕ ನೆಟ್ಟು ಬೆಳೆಸಿದವರು ಹತ್ತು ವರ್ಷದ ಮೇಲೆ ಗಿಡವನ್ನೂ ಮಾರಬಹುದು, ಬೀಜವನ್ನೂ ತಾವೇ ಪಡೆಯಬಹುದು. ಅಲ್ಲಿಯವರೆಗೆ ಹೂವಿನ ದೊಡ್ಡ ಫೋಟೊ ಒಂದನ್ನು ಸಸಿಗಳ ಹಿಂದೆ ತೂಗುಹಾಕಿ. ಚಿಗುರು ಬಂದ ಸಸಿಗಳನ್ನು ಆ ಎರಡು ವಾರ ಮುಂದಿನ ಸಾಲಿಗೆ ತನ್ನಿ, ತಾಮ್ರದ ಬಣ್ಣ ತಾನೇ ಕರೆಯುತ್ತದೆ. ಲೇಬಲ್ಲಿನಲ್ಲಿ ಇಷ್ಟಿರಲಿ: ಸೀತಾ ಅಶೋಕ, ಸರಾಕ ಅಸೋಕ, ಬೀಜದ್ದೋ ಕಸಿಯದ್ದೋ, ಬೀಜ ಯಾವ ಊರಿನದು, ಬೆಳೆದಾಗ ಎಷ್ಟು ಎತ್ತರ, ಎಷ್ಟು ವರ್ಷಕ್ಕೆ ಹೂ, 'ಚಿಗುರು ಜೋತುಬೀಳುವುದು ಸಹಜ'. ಈ ಕೊನೆಯ ಸಾಲು ಎಷ್ಟು ಸಸಿಗಳ ಪ್ರಾಣ ಉಳಿಸುತ್ತದೋ.

'ದೇಶಿ ಮರ' ಎಂಬ ಬೋರ್ಡು ಈಗ ಫ್ಯಾಷನ್. ಅದರಡಿ ಮಾರುವವರು ಬೀಜದ ಮೂಲ ಕೇಳಿದರೆ ಹೇಳಬಲ್ಲವರಾಗಿರಬೇಕು. ಅಳಿವಿನಂಚಿನ ಜೀವಿಗಳ ಲೆಕ್ಕವಿಡುವ ಅಂತಾರಾಷ್ಟ್ರೀಯ ಸಂಸ್ಥೆ ಐಯುಸಿಎನ್‌ನ ಪಟ್ಟಿಯಲ್ಲಿ ಈ ಮರ ಅಪಾಯಕ್ಕೊಳಗಾಗಬಲ್ಲ ಜಾತಿ ಎಂದು 1998ರಲ್ಲೇ ದಾಖಲಾಗಿದೆ. ಮುಖ್ಯ ಕಾರಣಗಳಲ್ಲೊಂದು ತೊಗಟೆ. ಆಯುರ್ವೇದದ ಔಷಧ ಅಶೋಕಾರಿಷ್ಟಕ್ಕೆ ಬೇಕಾದ ತೊಗಟೆಯನ್ನು ಕಾಡುಮರದ ಮೈಯಿಂದ ಸುಲಿಯುತ್ತಾರೆ, ಸುತ್ತಲೂ ಸುಲಿದರೆ ಮರ ಸಾಯುತ್ತದೆ. ಸಾಲದ್ದಕ್ಕೆ ಮಾರುಕಟ್ಟೆಯಲ್ಲಿ ಕಂಬದ ಅಶೋಕದ ತೊಗಟೆಯನ್ನೂ ಬೆರೆಸುತ್ತಾರೆ, ಹೆಸರಿನ ಗೊಂದಲ ಅಲ್ಲಿಯೂ ವ್ಯಾಪಾರಕ್ಕೆ ಅನುಕೂಲ. "ಹೆಂಗಸರ ಎಲ್ಲ ಕಾಯಿಲೆಗೂ ಮದ್ದು, ತೊಗಟೆ ಕುದಿಸಿ ಕುಡೀರಿ" ಎಂದು ಸಸಿ ಮಾರುವ ಅಂಗಡಿ ಕಂಡರೆ ಮುಂದಿನ ಅಂಗಡಿಗೆ ನಡೆಯಿರಿ. ಕಾಡಿನಿಂದ ಕಿತ್ತು ತಂದ ಸಸಿಯ ಗುರುತೂ ತಿಳಿದಿರಲಿ: ಚೀಲ ಹೊಸದು, ಮಣ್ಣು ಸಡಿಲ, ಕಾಂಡ ವಯಸ್ಸಾದಂತೆ ಒರಟು, ಎಲೆ ಮಾತ್ರ ನಾಲ್ಕೈದು. ಅದು ಬದುಕುವುದೂ ಕಡಿಮೆ.

ಇನ್ನೊಂದು ವಿಚಿತ್ರ. ಹೂ ಕಂಡು ಜನ ಕೇಳುವುದು ಮಾರ್ಚ್‌ನಲ್ಲಿ, ಆಗಲೇ ಅಂಗಡಿಯವರು ಮಾರುತ್ತಾರೆ. ನೆಡಲು ಅದು ವರ್ಷದ ಅತಿ ಕೆಟ್ಟ ತಿಂಗಳು. ತಿಳಿದ ಅಂಗಡಿಯಾದರೆ ಮುಂಗಡ ಪಡೆದು, ಸಸಿಗೆ ಹೆಸರು ಕಟ್ಟಿ, ಜೂನ್‌ನಲ್ಲಿ ಕೊಡಬೇಕು. ಹಾಗೆ ಮಾಡುವವರು ಸಿಗದಿದ್ದರೆ ಮಾರ್ಚ್‌ನಲ್ಲಿ ಲಾಲ್‌ಬಾಗಿಗೆ ಹೋಗಿ ಮರ ನೋಡಿ ಬನ್ನಿ, ಗುಂಡಿಯನ್ನು ಮೇ ಕೊನೆಗೆ ತೋಡಿಸಿ, ಜೂನ್‌ನ ಎರಡು ಒಳ್ಳೆಯ ಮಳೆ ಆದ ಮೇಲೆ ನರ್ಸರಿಗೆ ಹೋಗಿ. ಬೆಳಿಗ್ಗೆ ಎಂಟಕ್ಕೇ ಹೋದರೆ ಮಾಲಿ ಇರುತ್ತಾರೆ, ಮಾಲೀಕರು ಬಂದಿರುವುದಿಲ್ಲ. ಕೇಳಬೇಕಾದ್ದನ್ನೆಲ್ಲ ಮಾಲಿಯ ಹತ್ತಿರವೇ ಕೇಳಿ.